ಹೆಸರು ಮತ್ತು ನೆಲೆ: ಶಾಸನಸಂಖ್ಯೆಯಿಂದ ಜಾಲಗುರುತಿನವರೆಗೆ

ಸಾಗರ ತಾಲ್ಲೂಕಿನ ಆನಂದಪುರವನ್ನು ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ‘ಅನಂತಪುರ’ವೆಂದು ದಾಖಲಿಸಿ, ಅದನ್ನು ಅಂಧಾಸುರನೆಂಬ ಅರಸನ ಹೆಸರಿನೊಡನೆ ಜೋಡಿಸುತ್ತದೆ. ರೈಲ್ವೆ ದಾಖಲೆಗಳಲ್ಲಿ ಅದು ‘ಆನಂದಪುರಂ’. ‘ಅನಂತಪುರ’ವೆಂಬುದು ಆಂಧ್ರಪ್ರದೇಶದ ಜಿಲ್ಲಾಕೇಂದ್ರದ ಹೆಸರೂ ಹೌದು. ಹೀಗೆ ಒಂದು ಊರಿಗೆ ಹಲವು ಹೆಸರು, ಒಂದು ಹೆಸರಿಗೆ ಎರಡು ಊರು. ಸಹಜ ಭಾಷೆ ಈ ಸಂದಿಗ್ಧತೆಯನ್ನು ಸಂದರ್ಭದಿಂದ ನಿವಾರಿಸಿಕೊಳ್ಳುತ್ತದೆ. ಯಂತ್ರಕ್ಕೆ ಆ ಸಂದರ್ಭ ಲಭ್ಯವಿಲ್ಲ.

ಅಂತರಜಾಲದ ಶಿಷ್ಟತೆಗಳು ಈ ಸಮಸ್ಯೆಯನ್ನು ಮೊದಲು ವಿಭಜನೆಯಿಂದ ಬಗೆಹರಿಸಲೆತ್ನಿಸಿದವು. 1994ರ ಡಿಸೆಂಬರಿನಲ್ಲಿ ಪ್ರಕಟವಾದ ಆರ್‌ಎಫ್‌ಸಿ 1738 ಯುಆರ್‌ಎಲ್ ಅನ್ನು, ಎಂದರೆ ನೆಲೆಯ ಗುರುತನ್ನು, ವಿವರಿಸಿತು. 1997ರ ಆರ್‌ಎಫ್‌ಸಿ 2141 ಯುಆರ್‌ಎನ್ ಅನ್ನು, ಎಂದರೆ ನೆಲೆ ಬದಲಾದರೂ ಉಳಿಯಬೇಕಾದ ಹೆಸರನ್ನು. 2005ರ ಆರ್‌ಎಫ್‌ಸಿ 3986 ಈ ಗೆರೆಯನ್ನು ಸಡಿಲಿಸಿ, ಒಂದೇ ಗುರುತು ಹೆಸರೂ ಆಗಬಹುದು, ನೆಲೆಯೂ ಆಗಬಹುದು ಎಂದಿತು. ಅಂದರೆ ಭೇದವಿರುವುದು ಗುರುತಿನ ರೂಪದಲ್ಲಲ್ಲ, ಬಳಕೆಯಲ್ಲಿ. ಹೆಸರಿನಿಂದ ನೆಲೆಯನ್ನು ತೋರುವ ಕಾರ್ಯ ಮೂರನೆಯ ವ್ಯವಸ್ಥೆಯೊಂದರದು. 1983ರಲ್ಲಿ ರೂಪುಗೊಂಡ ಡಿಎನ್‌ಎಸ್ ಅದರ ಪರಿಚಿತ ನಿದರ್ಶನ.

ಕನ್ನಡ ವಿದ್ವತ್ತು ಇಂಥದೊಂದು ವ್ಯವಸ್ಥೆಯನ್ನು ಇದಕ್ಕೂ ಬಹು ಹಿಂದೆಯೇ ಬಳಸಿತ್ತು. ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನೊಳಗೊಂಡ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟ 1904ರಲ್ಲಿ ಹೊರಬಂದಿತು. ಅದು ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರಿನೊಡನೆ ಕ್ರಮಸಂಖ್ಯೆಯೊಂದನ್ನು ನೀಡಿತು. ಹುಂಚದ 1077ರ ಶಾಸನ ‘ನಗರ 35’. ರೂಪದಲ್ಲಿ ಇದು ನೆಲೆಯನ್ನು ಸೂಚಿಸುತ್ತದೆ. ಆದರೆ ಹುಂಚವಿರುವುದು ಇಂದು ಹೊಸನಗರ ತಾಲ್ಲೂಕಿನಲ್ಲಿ. ಆದರೂ ಉಲ್ಲೇಖ ‘ನಗರ 35’ ಆಗಿಯೇ ಉಳಿದಿದೆ. ಕಲ್ಲನ್ನು ಬೇರೆಡೆಗೆ ಸಾಗಿಸಿದರೂ ಅದು ಬದಲಾಗದು. ನೆಲೆಯಾಗಿ ಹುಟ್ಟಿದ ಪದ ಹೆಸರಾಗಿ ಸ್ಥಿರಗೊಂಡಿದೆ. ಅದನ್ನು ಪಠ್ಯಕ್ಕೆ ತಲುಪಿಸುವುದು ಮುದ್ರಿತ ಸಂಪುಟ.

ಶಾಸನಗಳ ಗಣಕೀಕೃತ ಪಠ್ಯಕೋಶಗಳನ್ನು ಕಟ್ಟುವವರಿಗೆ ಈ ಇತಿಹಾಸ ಮುಖ್ಯವಾದುದು. ಕಡತವಿರುವ ಜಾಲವಿಳಾಸವನ್ನೇ ಶಾಸನದ ಗುರುತಾಗಿಸಿದರೆ, ಸರ್ವರ್ ಬದಲಾದ ದಿನ ಪ್ರಬಂಧಗಳ ಉಲ್ಲೇಖಗಳೆಲ್ಲ ನಿರರ್ಥಕವಾಗುತ್ತವೆ. ತಾಲ್ಲೂಕಿನ ಇಂದಿನ ಹೆಸರಿಗೆ ‘ತಿದ್ದಿದರೆ’ ಒಂದು ಶತಮಾನದ ವಿದ್ವತ್ತಿನೊಡನೆ ಸಂಬಂಧ ಕಡಿಯುತ್ತದೆ. ಹಳೆಯ ಸಂಖ್ಯೆಯನ್ನು ಹೆಸರಾಗಿ ಉಳಿಸಿ, ಇಂದಿನ ಊರು, ತಾಲ್ಲೂಕು, ಕಡತಗಳನ್ನು ಅದಕ್ಕೆ ಜೋಡಿಸುವ ಪಟ್ಟಿಯನ್ನು ಪ್ರತ್ಯೇಕವಾಗಿ ಪರಿಷ್ಕರಿಸುತ್ತಿರಬೇಕು. ಗುರುತಿನ ಶಾಶ್ವತತೆ ಅಕ್ಷರಗಳ ಗುಣವಲ್ಲ. ಅದು ಪಟ್ಟಿಯನ್ನು ಕಾಯುವ ಸಂಸ್ಥೆಯ ಹೊಣೆ.