ಬೇಸಿಗೆಯ ಬಿಂದಿಗೆ

ವಿಜಯನಗರ, ಬಸವೇಶ್ವರನಗರಗಳ ನಡುವೆ ಹಾದುಹೋಗುವ ರಸ್ತೆಯು ಮಾಗಡಿಯ ಕಡೆಗೆ ಸಾಗುತ್ತದೆ. ಆ ತಾಲೂಕಿನ ಹುಲಿಕಲ್‌ನಿಂದ ಕುದೂರಿನವರೆಗೆ ಸುಮಾರು 4 ಕಿಲೋಮೀಟರ್ ಉದ್ದಕ್ಕೂ ಆಲದ ಸಾಲನ್ನು ಬೆಳೆಸಿದವರು ಕೂಲಿ ಕಾರ್ಮಿಕರಾದ ತಿಮ್ಮಕ್ಕ ಮತ್ತು ಚಿಕ್ಕಯ್ಯ ದಂಪತಿ. ಅದಕ್ಕಾಗಿ ಅವರಿಗೆ ಯಾರ ಆದೇಶವೂ ಇರಲಿಲ್ಲ, ಸಂಬಳವೂ ಇರಲಿಲ್ಲ.

ಸಸಿ ನೆಡುವುದು ಒಂದು ದಿನದ ಕೆಲಸ. ಬೇಸಿಗೆಯಲ್ಲಿ ಅದನ್ನು ಉಳಿಸುವುದೇ ನಿಜವಾದ ಪರೀಕ್ಷೆ. ಅವರು ಬಿಂದಿಗೆಗಳಲ್ಲಿ ನೀರು ಹೊತ್ತು ತಂದೆರೆದರು, ಜಾನುವಾರು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಮಕ್ಕಳಿಲ್ಲದ ಅವರಿಗೆ ಮರಗಳೇ ಮಕ್ಕಳಾದವು.

2019ರಲ್ಲಿ ತಿಮ್ಮಕ್ಕನವರಿಗೆ ಪದ್ಮಶ್ರೀ ಸಂದಿತು. ಅದೇ ವರ್ಷ ರಸ್ತೆ ಅಗಲೀಕರಣದಿಂದ ಆ ಮರಗಳಿಗೆ ಕುತ್ತು ಎದುರಾದಾಗ, ಅವುಗಳನ್ನು ಕಡಿಯದಂತೆ ಅವರೇ ಸರಕಾರವನ್ನು ಬೇಡಿಕೊಳ್ಳಬೇಕಾಯಿತು. 2025ರ ನವೆಂಬರ್ 14ರಂದು ಅವರು ಅಗಲಿದರು. ಪ್ರಶಸ್ತಿ ನೀಡುವುದು ಸುಲಭ. ನೆರಳನ್ನು ಕಾಯುವುದು ಕಷ್ಟ. ಆ ಹೊಣೆ ಈಗ ನಮ್ಮದು.