ಹೇಳಿ ಬರೆಸಿದ ಚಿತ್ರ

ಬರೆದಿಟ್ಟ ಚಿತ್ರವನ್ನು ಕೊಳ್ಳುವುದು ಒಂದು ವ್ಯವಹಾರ, ಚಿತ್ರಗಾರನಿಗೆ ಹೇಳಿ ಬರೆಸುವುದು ಇನ್ನೊಂದು. ಮೊದಲನೆಯದರಲ್ಲಿ ವಸ್ತು ಕೊಳ್ಳುವವನ ಕಣ್ಣೆದುರಿಗೇ ಇರುತ್ತದೆ. ಮೆಚ್ಚಿದರೆ ಹಣ ಕೊಡುತ್ತಾನೆ, ಇಲ್ಲವಾದರೆ ಮುಂದೆ ನಡೆಯುತ್ತಾನೆ. ಎರಡನೆಯದರಲ್ಲಿ ವಸ್ತುವೇ ಇಲ್ಲ. ಇನ್ನೂ ಹುಟ್ಟದಿರುವ ಚಿತ್ರವೊಂದಕ್ಕೆ ಇಬ್ಬರು ಕೂಡಿ ಬೆಲೆ ಕಟ್ಟುತ್ತಾರೆ, ವಾಯಿದೆ ಗೊತ್ತುಮಾಡುತ್ತಾರೆ. ಬರೆಸುವವನ ಮನಸ್ಸಿನಲ್ಲಿ ಒಂದು ಚಿತ್ರವಿರುತ್ತದೆ, ಬರೆಯುವವನ ಮನಸ್ಸಿನಲ್ಲಿ ಮತ್ತೊಂದು. ಅವೆರಡೂ ಒಂದೇ ಎಂದು ನಂಬಿ ಕೆಲಸ ಆರಂಭವಾಗುತ್ತದೆ. ಈ ನಂಬಿಕೆ ಎಷ್ಟು ಭಾರವನ್ನು ತಾಳಬಲ್ಲುದು ಎಂಬುದನ್ನು ತಿಳಿಯಲು ಐನೂರು ವರ್ಷಗಳ ಹಿಂದಿನ ಒಂದು ಪತ್ರವ್ಯವಹಾರವನ್ನು ಇಂದು ನಿಮ್ಮ ಮುಂದಿಡಬಯಸುತ್ತೇನೆ.

ಅದಕ್ಕೆ ಮೊದಲು ಆ ಕಾಲದ ಯೂರೋಪಿನ ಪದ್ಧತಿಯನ್ನು ಒಂದಿಷ್ಟು ನೋಡಬೇಕು. ಇಟಲಿಯ ಫ್ಲಾರೆನ್ಸ್ ನಗರದ ಅನಾಥ ಶಿಶುಗಳ ಆಶ್ರಯಧಾಮದ ಮುಖ್ಯಸ್ಥನೂ ಚಿತ್ರಗಾರ ದೊಮೆನಿಕೊ ಗಿರ್ಲಾಂದಾಯೊನೂ 1485ರಲ್ಲಿ ಮಾಡಿಕೊಂಡ ಕರಾರು ಇಂದಿಗೂ ಉಳಿದಿದೆ. ಬೆಲೆ 115 ಫ್ಲಾರಿನ್, ಅವಧಿ ಮೂವತ್ತು ತಿಂಗಳು. ಕಾಗದದ ಮೇಲೆ ಗೀಚಿದ ಕರಡಿಗೆ ಚಿತ್ರ ಹೊಂದಿಕೆಯಾಗಬೇಕು. ಎಲ್ಲವೂ ಆತನ ಸ್ವಂತ ಕೈಯ ಕೆಲಸವಾಗಿರಬೇಕು. ನೀಲಿ ಬಣ್ಣ ಔನ್ಸಿಗೆ ಸುಮಾರು ನಾಲ್ಕು ಫ್ಲಾರಿನ್ ಬೆಲೆಯದಾಗಿರಬೇಕು. ಆಫ್ಘಾನಿಸ್ತಾನದ ಗಣಿಗಳಿಂದ ಬರುತ್ತಿದ್ದ ನೀಲಿ ಕಲ್ಲನ್ನು ಅರೆದು ಮಾಡುತ್ತಿದ್ದ ಬಣ್ಣವದು. ಅದರಲ್ಲಿ ಮೋಸ ಸುಲಭವಾದ್ದರಿಂದ ಈ ಎಚ್ಚರಿಕೆ. ಕೊನೆಗೆ, ಚಿತ್ರ ಅಷ್ಟು ಬೆಲೆ ಬಾಳದೆಂದು ತನಗೆ ತೋರಿದರೆ ಕಡಿಮೆ ಕೊಡುವ ಹಕ್ಕನ್ನೂ ಬರೆಸುವವನು ತನ್ನಲ್ಲಿಯೇ ಇಟ್ಟುಕೊಂಡಿದ್ದಾನೆ. ಈ ಕರಾರಿನಲ್ಲಿ ಅಳೆಯಬಹುದಾದ ಎಲ್ಲಕ್ಕೂ ಅಳತೆಯಿದೆ. ಅಳತೆಗೆ ಸಿಕ್ಕದ ಒಂದು ಸಂಗತಿಯೆಂದರೆ ಚಿತ್ರಗಾರನು ಆ ಕೆಲಸಕ್ಕೆ ತನ್ನನ್ನು ಎಷ್ಟು ತೆತ್ತುಕೊಳ್ಳಬೇಕು ಎಂಬುದು. ನಾನು ಹೇಳಹೊರಟಿರುವ ಜಗಳ ಹುಟ್ಟಿದ್ದು ಅಲ್ಲಿಂದಲೇ.

1507ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಶ್ರೀಮಂತ ಬಟ್ಟೆಯ ವರ್ತಕ ಯಾಕೋಬ್ ಹೆಲ್ಲರನು ಅಲ್ಲಿಯ ಡೊಮಿನಿಕನ್ ಸಂನ್ಯಾಸಿಗಳ ಚರ್ಚಿಗೆ ಒಂದು ಬಲಿಪೀಠದ ಚಿತ್ರವನ್ನು ಅರ್ಪಿಸಲು ಸಂಕಲ್ಪಿಸಿದ. ನಡುವಣ ಹಲಗೆಯಲ್ಲಿ ಮೇರಿಯ ಸ್ವರ್ಗಾರೋಹಣ ಮತ್ತು ಕಿರೀಟಧಾರಣೆ, ಮಡಚುವ ಪಕ್ಕದ ಹಲಗೆಗಳಲ್ಲಿ ಸಂತರೊಂದಿಗೆ ತಾನೂ ತನ್ನ ಪತ್ನಿಯೂ. ಕೆಲಸವನ್ನು ಒಪ್ಪಿಕೊಂಡವನು ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್. ವೆನಿಸಿನಿಂದ ಆಗಷ್ಟೇ ಹಿಂತಿರುಗಿದ್ದ ಆತನಿಗೆ ಆಗ ಮೂವತ್ತಾರರ ಪ್ರಾಯ, ಒಳ್ಳೆಯ ಹೆಸರು. ಗೊತ್ತಾದ ಬೆಲೆ 130 ಗುಲ್ಡನ್. ಡ್ಯೂರರ್ ಬರೆದ ಪತ್ರಗಳ ಮೂಲಗಳು ಕಳೆದುಹೋಗಿವೆ, ಯಾರೋ ಮಾಡಿಕೊಂಡ ನಕಲುಗಳು ಉಳಿದಿವೆ. ಹೆಲ್ಲರನ ಉತ್ತರಗಳು ನಕಲಾಗಿಯೂ ಉಳಿದಿಲ್ಲ. ಆದ್ದರಿಂದ ಈ ವ್ಯಾಜ್ಯದಲ್ಲಿ ಒಬ್ಬ ಕಕ್ಷಿಯ ಮಾತಷ್ಟೇ ನಮಗೆ ಕೇಳುತ್ತದೆಂಬುದನ್ನು ಮರೆಯಬಾರದು.

ಮೊದಲ ಪತ್ರದಲ್ಲೇ ತಡಕ್ಕೆ ಕಾರಣಗಳಿವೆ. ಜ್ವರ ಬಂದು ಕೆಲಸ ನಿಂತಿತ್ತು. ಸ್ಯಾಕ್ಸನಿಯ ದೊರೆ ಫ್ರೆಡರಿಕನ ಚಿತ್ರ ಇನ್ನೂ ಮುಗಿದಿರಲಿಲ್ಲ. ಬೇಡಿಕೆಯುಳ್ಳ ಸ್ವತಂತ್ರ ಕಲಾವಿದನ ಮನೆಯಲ್ಲಿ ಒಬ್ಬರ ಕೆಲಸ ಇನ್ನೊಬ್ಬರ ಕೆಲಸದ ಹಿಂದೆ ಸರದಿ ನಿಲ್ಲುವುದು ಅಂದಿನಿಂದಲೂ ಇದೆ. ಕೊನೆಗೆ ಹೆಲ್ಲರನ ಸರದಿ ಬಂತು. ಪಕ್ಕದ ಹಲಗೆಗಳು ಶಿಷ್ಯರ ಪಾಲಿಗೆ ಹೋದವು, ನಡುವಣ ಹಲಗೆಯನ್ನು ಮಾತ್ರ ಬೇರೆಯವರು ಮುಟ್ಟಲಾಗದೆಂದು ಡ್ಯೂರರ್ ತಾನೇ ಕುಳಿತ. ಕುಳಿತ ಮೇಲೆ ಅವನಿಂದ ಏಳಲಾಗಲಿಲ್ಲ. ಒಂದೊಂದು ತಲೆಗೆ, ಕೈಗೆ, ಪಾದಕ್ಕೆ, ಬಟ್ಟೆಯ ನೆರಿಗೆಗೆ ಬಣ್ಣದ ಕಾಗದದ ಮೇಲೆ ಕುಂಚದಿಂದ ಬೇರೆಬೇರೆ ಕರಡುಗಳನ್ನು ಬರೆದ. ಒಳ್ಳೆಯ ನೀಲಿಯನ್ನು ಐದಾರು ಸಲ ಪದರಪದರವಾಗಿ ಹಚ್ಚಿದ.

1508ರಲ್ಲಿ ಆತ 200 ಗುಲ್ಡನ್ ಕೇಳಿದ. ಹೆಲ್ಲರ್ ಸಿಟ್ಟಾದ. ಕೈಲಾದಷ್ಟೂ ಶ್ರದ್ಧೆಯಿಂದ ಬರೆಯುತ್ತೇನೆಂದು ನೀನೇ ಮಾತು ಕೊಟ್ಟಿದ್ದೆಯಲ್ಲ ಎಂಬುದು ಆತನ ವಾದವೆಂದು ಡ್ಯೂರರನ ಉತ್ತರದಿಂದ ತಿಳಿಯುತ್ತದೆ. ಆ ಉತ್ತರ ಸ್ವಾರಸ್ಯವಾಗಿದೆ. ನಿಜವಾಗಿಯೂ ಕೈಲಾದಷ್ಟು ಶ್ರದ್ಧೆಯಿಂದ ಬರೆದರೆ ಒಂದು ಮುಖಕ್ಕೇ ಅರ್ಧ ವರ್ಷ ಸಾಲದು, ನಿಮ್ಮ ಚಿತ್ರದಲ್ಲಿ ನೂರರ ಹತ್ತಿರ ಮುಖಗಳಿವೆ, ಉಡುಪು, ಪ್ರಕೃತಿದೃಶ್ಯಗಳ ಲೆಕ್ಕ ಬೇರೆ ಎಂದು ಆತ ಬರೆಯುತ್ತಾನೆ. ಅಷ್ಟಕ್ಕೆ ಯಾರ ಆಯುಷ್ಯವೂ ಸಾಲದೆಂಬುದು ಇಂಗಿತ. ಮಾತು ತಪ್ಪಿದವನೆಂಬ ದೂಷಣೆ ಮಾತ್ರ ಆತನನ್ನು ಬಹಳ ನೋಯಿಸಿತು. ಒಂದು ಹಂತದಲ್ಲಿ, ಮುಂಗಡವನ್ನು ಹಿಂತಿರುಗಿಸಿ ಚಿತ್ರವನ್ನು ನಾನೇ ಇಟ್ಟುಕೊಳ್ಳುತ್ತೇನೆ, ಇದಕ್ಕೆ ಹೆಚ್ಚು ಕೊಡುವವರಿದ್ದಾರೆ ಎನ್ನುವವರೆಗೂ ಹೋದ.

ಇಲ್ಲಿ ನ್ಯಾಯ ಯಾರ ಕಡೆಗಿದೆ? ನಮ್ಮಂಥ ಕಲಾಭಿಮಾನಿಗಳ ಒಲವು ಸಹಜವಾಗಿಯೇ ಡ್ಯೂರರನ ಕಡೆಗೆ. ನನಗಾದರೋ ಹೆಲ್ಲರನ ಮಾತನ್ನು ತಳ್ಳಿಹಾಕಲು ಮನಸ್ಸು ಬಾರದು. ಒಪ್ಪಿದ ಬೆಲೆ ಒಪ್ಪಿದ ಬೆಲೆಯೇ. ಕರಾರಿಗಿಂತ ಹೆಚ್ಚು ದುಡಿಯುವಂತೆ ಆತನೇನೂ ಬಲವಂತ ಮಾಡಿರಲಿಲ್ಲ. ಚಿತ್ರವೇ ಚಿತ್ರಗಾರನನ್ನು ಎಳೆದುಕೊಂಡು ಹೋಗಿತ್ತು. ಆ ಎಳೆತಕ್ಕೆ ತೆರಬೇಕಾದವರು ಯಾರು ಎಂಬುದಕ್ಕೆ ಕರಾರಿನಲ್ಲಿ ಉತ್ತರವಿರಲಿಲ್ಲ. ಇಂದು ಪುಸ್ತಕದ ಮುಖಪುಟವನ್ನೋ ಹಿರಿಯರ ಭಾವಚಿತ್ರವನ್ನೋ ಬರೆಸುವವರು ವಿಷಯ, ಅಳತೆ, ಮುಂಗಡ, ಕರಡು, ಅವಧಿ ಎಲ್ಲವನ್ನೂ ಮೊದಲೇ ಮಾತಾಡಿಕೊಳ್ಳಬಹುದು. ಮಾತಾಡಿಕೊಳ್ಳಲೂ ಬೇಕು. ಆದರೆ ಶ್ರದ್ಧೆ ಎಂಬ ಪದವನ್ನು ಇಬ್ಬರೂ ಉಚ್ಚರಿಸಿದಾಗ ಇಬ್ಬರಿಗೂ ಅದು ಒಂದೇ ಅರ್ಥವನ್ನು ಕೊಡುತ್ತಿದೆಯೇ ಎಂದು ಕೇಳಿಕೊಳ್ಳುವವರು ವಿರಳ.

ಕೊನೆಗೆ ಹೆಲ್ಲರನು 200 ಗುಲ್ಡನ್ ಕೊಡಲು ಒಪ್ಪಿದ. 1509ರ ಆಗಸ್ಟಿನಲ್ಲಿ ಚಿತ್ರ ಹೊರಟಿತು. ಜೊತೆಗೆ ಹೋದ ಪತ್ರದಲ್ಲಿ ಜಗಳದ ಧ್ವನಿ ಇಳಿದು ಹೆತ್ತವರ ಧ್ವನಿ ಕೇಳುತ್ತದೆ. ಶುಚಿಯಾಗಿಟ್ಟರೆ ಐನೂರು ವರ್ಷ ಹೊಸದಾಗಿಯೇ ಇರುತ್ತದೆ, ಯಾರೂ ಮುಟ್ಟದಿರಲಿ, ಪವಿತ್ರೋದಕವನ್ನು ಪ್ರೋಕ್ಷಿಸದಿರಲಿ, ಕೆಲವು ವರ್ಷಗಳ ಮೇಲೆ ನಾನೇ ಬಂದು ಹೊಸ ವಾರ್ನಿಷ್ ಹಚ್ಚುತ್ತೇನೆ. ಅದೇ ಪತ್ರದಲ್ಲಿ ಇಂಥ ಕೆಲಸವನ್ನು ಇನ್ನು ಒಪ್ಪೆನೆಂದೂ ಇದೆ. ಸಾಧಾರಣ ಚಿತ್ರಗಳಾದರೆ ವರ್ಷಕ್ಕೊಂದು ರಾಶಿ ಬರೆದೇನು, ಕೆತ್ತನೆಯ ಕೆಲಸವನ್ನೇ ಹಿಡಿದಿದ್ದರೆ ಇಷ್ಟರಲ್ಲಿ ಸಾವಿರ ಗುಲ್ಡನ್ ಹೆಚ್ಚು ಗಳಿಸಿರುತ್ತಿದ್ದೆ ಎಂದು ಲೆಕ್ಕ ಹಾಕುತ್ತಾನೆ. ಅದು ಬರಿಯ ಮುನಿಸಿನ ಮಾತಲ್ಲ. ಮರದಚ್ಚಿನಿಂದ, ತಾಮ್ರದ ತಗಡಿನಿಂದ ತೆಗೆದ ಪ್ರತಿಗಳಿಗೆ ಒಬ್ಬ ಧಣಿಯ ಅಪ್ಪಣೆ ಬೇಕಿರಲಿಲ್ಲ. ಸಂತೆಯಲ್ಲಿ ನೂರಾರು ಜನ ಕೊಳ್ಳುತ್ತಿದ್ದರು, ಆತನ ಹೆಂಡತಿ ಆಗ್ನೆಸಳೇ ಒಯ್ದು ಮಾರುತ್ತಿದ್ದಳು. ವರ್ಣಚಿತ್ರವನ್ನು ಆತ ಪೂರ್ತಿ ಬಿಡಲಿಲ್ಲ ನಿಜ. ಆದರೂ 1511ರಲ್ಲಿ ಮರದಚ್ಚಿನ ಚಿತ್ರಮಾಲೆಗಳು ಪುಸ್ತಕರೂಪದಲ್ಲಿ ಹೊರಬಂದವು, 1513 ಮತ್ತು 1514ರಲ್ಲಿ ಜಗತ್ಪ್ರಸಿದ್ಧವಾದ ಮೂರು ತಾಮ್ರದ ಕೆತ್ತನೆಗಳು ಬಂದವು.

ಹೆಲ್ಲರನಿಗೆ ಚಿತ್ರ ಮೆಚ್ಚಿಗೆಯಾಯಿತು. ಆಗ್ನೆಸಳಿಗೆ ಉಡುಗೊರೆ ಬಂತು, ಡ್ಯೂರರನ ತಮ್ಮನಿಗೆ ಎರಡು ಗುಲ್ಡನ್ ಭಕ್ಷೀಸು ಬಂತು. ಅಕ್ಟೋಬರಿನ ಪತ್ರ ಕೃತಜ್ಞತೆಯಿಂದ ಮುಗಿಯುತ್ತದೆ.

ಐನೂರು ವರ್ಷ ಬಾಳಬೇಕಾಗಿದ್ದ ಆ ಹಲಗೆ ಮುಂದಿನ ಶತಮಾನದಲ್ಲಿ ಬವೇರಿಯದ ದೊರೆಯ ಕೈಸೇರಿ, 1729ರಲ್ಲಿ ಮ್ಯೂನಿಕ್ ಅರಮನೆಯ ಬೆಂಕಿಯಲ್ಲಿ ಸುಟ್ಟುಹೋಯಿತು. ಯೋಬ್ಸ್ಟ್ ಹಾರಿಕ್ ಎಂಬಾತ ಮಾಡಿದ್ದ ಪ್ರತಿಯಿಂದ ಅದರ ರೂಪ ನಮಗೆ ತಿಳಿದಿದೆ. ಆದರೆ ಅದಕ್ಕಾಗಿ ಬರೆದ ಕರಡುಗಳಲ್ಲಿ ಹಲವು ಉಳಿದವು. ನೀಲಿ ಕಾಗದದ ಮೇಲೆ, ಒಬ್ಬ ಶಿಷ್ಯಸಂತನ ಸಲುವಾಗಿ ಬರೆದ, ಪ್ರಾರ್ಥನೆಗೆ ಜೋಡಿಸಿದ ಎರಡು ಕೈಗಳ ಚಿತ್ರ ಅವುಗಳಲ್ಲೊಂದು. ಈಗ ಅದು ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹದಲ್ಲಿದೆ. ಅದರ ಪಡಿಯಚ್ಚನ್ನು ನಮ್ಮ ಊರುಗಳ ಮನೆಗೋಡೆಗಳ ಮೇಲೂ ನೀವು ಕಂಡಿರಬಹುದು. ಹೆಲ್ಲರನು ಆ ಕೈಗಳಿಗೆ ಬೇರೆಯಾಗಿ ಏನನ್ನೂ ಕೊಟ್ಟಿರಲಿಲ್ಲ. ಡ್ಯೂರರನೂ ಅವುಗಳಿಗೆ ಬೆಲೆ ಹಾಕಿರಲಿಲ್ಲ. ಎಪ್ಪತ್ತು ಗುಲ್ಡನ್ನಿಗಾಗಿ ಇಬ್ಬರು ಕಾದಾಡಿದ ಆ ಹೆಚ್ಚಿನ ಶ್ರದ್ಧೆ ಎಂಥದಾಗಿತ್ತೆಂಬುದಕ್ಕೆ ಇಂದು ಉಳಿದಿರುವ ಸಾಕ್ಷಿ ಆ ಎರಡು ಕೈಗಳೇ.