ಸಾಸ್ತಾನದ ಎರಡು ಪಿಕಳಾರಗಳು: 'ಕಡಿಮೆ ಆತಂಕ' ಎಂಬ ವರ್ಗದ ಮಿತಿ

ಉಡುಪಿ ಜಿಲ್ಲೆಯ ಸಾಸ್ತಾನ, ಗುಂಡ್ಮಿ, ಪಾಂಡೇಶ್ವರದ ಹಾಡಿಗಳಲ್ಲಿ (ಊರ ಪಕ್ಕದ ಸಣ್ಣ ಕಾಡುಗಳಲ್ಲಿ) ಗೋಳಿ ಹಣ್ಣಾದಾಗ ಕೆಮ್ಮೀಸೆ ಪಿಕಳಾರ (ಪಿಕ್ನೊನೋಟಸ್ ಜೊಕೋಸಸ್) ಮತ್ತು ಕೆಂಪು ಕಿಬ್ಬೊಟ್ಟೆಯ ಪಿಕಳಾರ (ಪಿಕ್ನೊನೋಟಸ್ ಕೆಫರ್) ಒಂದೇ ಮರಕ್ಕೆ ಬರುತ್ತವೆ. ಜೀವವಿಜ್ಞಾನಿ ಲಿನೇಯಸ್ ಮೊದಲನೆಯದನ್ನು 1758ರಲ್ಲಿ, ಎರಡನೆಯದನ್ನು 1766ರಲ್ಲಿ ಹೆಸರಿಸಿದ. ಬಾಲದ ಬುಡದ ಕೆಂಪು ಎರಡರಲ್ಲೂ ಇರುವುದರಿಂದ ಅದನ್ನು ನಂಬಿ ಗುರುತಿಸಲಾಗದು. ಕೆಮ್ಮೀಸೆಯದು ನೆಟ್ಟಗೆ ನಿಂತ ಚೂಪು ಜುಟ್ಟು, ಬಿಳಿ ಕೆನ್ನೆ. ಇನ್ನೊಂದರದು ಕಪ್ಪು ತಲೆ, ಮೋಟು ಜುಟ್ಟು, ಮೀನಿನ ಪೊರೆಯಂಥ ಎದೆ. ಪಶ್ಚಿಮ ಘಟ್ಟ ಸೀಮೆಯ ಕೆಮ್ಮೀಸೆ ಉಪಜಾತಿಗೆ (ಫುಸ್ಕಿಕಾಡೇಟಸ್) ಬಾಲದ ತುದಿಯಲ್ಲಿ ಬಿಳಿಯಿಲ್ಲ. ಹಾಗಾಗಿ ಇಲ್ಲಿ ಹಾರುವಾಗ ಬಿಳಿ ಸೊಂಟ, ಬಿಳಿ ಬಾಲತುದಿ ಎರಡೂ ಕಂಡರೆ ಅದು ಎರಡನೆಯ ಹಕ್ಕಿ. ಬಾಲತುದಿ ಬಿಳಿಯಿರುವ ಉತ್ತರದ ಕೆಮ್ಮೀಸೆಗಳ ಚಿತ್ರ ನೋಡಿ ಕಲಿತವರು ಎಡವುವುದು ಇಲ್ಲಿಯೇ.

ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿ ಎರಡನ್ನೂ 'ಕಡಿಮೆ ಆತಂಕ'ದ ವರ್ಗದಲ್ಲಿಟ್ಟಿದೆ. ಆದರೆ ಅವುಗಳ ಸಂಖ್ಯೆಯ ಓಟ ಒಂದೇ ದಿಕ್ಕಿನದಲ್ಲ: ಕೆಫರ್ ಏರುತ್ತಿದೆ, ಜೊಕೋಸಸ್ ಇಳಿಯುತ್ತಿದೆ. ಥಾಯ್ಲೆಂಡಿನಲ್ಲಿ ಹಾಡಿನ ಪಂದ್ಯಕ್ಕೆಂದು ಕೆಮ್ಮೀಸೆಯನ್ನು ಕಾಡಿನಿಂದ ಹಿಡಿದದ್ದು ಈ ಇಳಿತದ ಒಂದು ಕಾರಣ. ಕೆಫರ್‌ನದು ತದ್ವಿರುದ್ಧ ಕಥೆ. ಸುಮಾರು 1903ರಲ್ಲಿ ಭಾರತೀಯ ಕೂಲಿಗಳೊಂದಿಗೆ ಫಿಜಿಗೆ ಹೋದ ಈ ಹಕ್ಕಿ ಇಂದು ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಹಾಗೆಂದು ಜೊಕೋಸಸ್ ಮುಗ್ಧ ಹಕ್ಕಿಯೇನಲ್ಲ. ಮಾರಿಷಸ್, ಸಿಡ್ನಿಗಳಲ್ಲಿ ಅದೂ ನೆಲೆಯೂರಿದೆ.

ಇದೇ ಕುಲದ ಹಳದಿ ಕೊರಳಿನ ಪಿಕಳಾರ ನಂದಿಬೆಟ್ಟದಂಥ ಬಂಡೆಗುಡ್ಡಗಳಿಗೆ ಅಂಟಿಕೊಂಡಿದ್ದು, 'ದುರ್ಬಲ' ವರ್ಗಕ್ಕೆ ಸೇರಿದೆ. ಮನುಷ್ಯನ ಬೇಲಿಗೆ ಒಗ್ಗಿದ್ದೇ ಸಾಸ್ತಾನದ ಜೋಡಿಯ ಬಲ. ಆದರೆ ಆ ಒಗ್ಗುವಿಕೆ ಎರಡಕ್ಕೂ ಸಮನಲ್ಲ. ಕೆಮ್ಮೀಸೆಗೆ ಹಾಡಿ, ತೋಟಗಳ ತಂಪು ಹೆಚ್ಚು ಹಿತ. ಕೆಫರ್ ಒಣ ಬಯಲುಸೀಮೆಯಲ್ಲೂ ಸಲೀಸಾಗಿ ಬಾಳುತ್ತದೆ. ಹಾಡಿ ಕಡಿದು ನಿವೇಶನ ಮಾಡಿದಲ್ಲಿ ಒಟ್ಟು ಪಿಕಳಾರಗಳ ಎಣಿಕೆ ಕುಗ್ಗದೆಯೂ ಜಾತಿಗಳ ಪಾಲು ಬದಲಾದೀತು ಎಂಬುದು ನನ್ನ ತರ್ಕ. ಆದ್ದರಿಂದ ಎರಡನ್ನೂ 'ಪಿಕಳಾರ' ಎಂದು ಒಟ್ಟಿಗೆ ಬರೆದಿಡುವ ಪಟ್ಟಿಗಳಿಂದ ಇಲ್ಲಿ ಏನೂ ತಿಳಿಯದು. ಕೋಡಿ ಕನ್ಯಾನದ ತೀರದಿಂದ ಒಳನಾಡಿನ ತೋಟಗಳವರೆಗೆ ಪ್ರತ್ಯೇಕ ಎಣಿಕೆ ಬೇಕು.

ಎಣಿಕೆಯ ಜತೆಗೆ ರಕ್ಷಣೆಯ ಪ್ರಶ್ನೆಯೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಾಲ್ಕನೆಯ ಅನುಸೂಚಿಯಲ್ಲಿ ಪಿಕಳಾರಗಳ ಇಡೀ ಕುಟುಂಬದ ಹೆಸರಿತ್ತು. ಅನುಸೂಚಿಗಳನ್ನು 2022ರ ತಿದ್ದುಪಡಿ ಮರುಹೊಂದಿಸಿತು. ಕಾಯ್ದೆ ಬೇಟೆಯನ್ನು ತಡೆಯಬಲ್ಲದು, ಬೇಲಿ ಸವರುವ ಕತ್ತಿಯನ್ನಲ್ಲ. ಎರಡೂ ಹಕ್ಕಿಗಳು ತಗ್ಗು ಪೊದೆಯಲ್ಲಿ ಬಟ್ಟಲಿನಾಕಾರದ ಗೂಡು ಕಟ್ಟಿ ಸಾಮಾನ್ಯವಾಗಿ 2-3 ಮೊಟ್ಟೆ ಇಡುವುದು ಬೇಸಿಗೆಯ ತಿಂಗಳುಗಳಲ್ಲಿ. ಮಳೆಗೆ ಮುಂಚೆ ಹಿತ್ತಿಲು ಚೊಕ್ಕಟ ಮಾಡುವ ಹೊತ್ತೂ ಅದೇ.